ಕಿತ್ತಳೆ ಬಣ್ಣದ ಗುಂಡಿ

ಮಾರ್ಚ್ 4, ಮಂಗಳವಾರ

ಮನೆ ಓನರ್ ಬಂದಿದ್ದರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಬಾಗಿಲಲ್ಲೇ ನಿಂತು, ರೇಡಿಯೋ ಸದ್ದಿನ ಮೇಲೆ ತಮ್ಮ ಸದ್ದು ಕೇಳಿಸಲಿ ಅಂತ ಕೂಗಿಯೇ ಹೇಳಿದರು.

"ನೋಡಿ ಮೇಡಂ, ಮೇಲಿನ ಮನೆ ನರ್ಸಮ್ಮ ಅಳೋದೊಂದು ಬಾಕಿ. ರಾತ್ರಿಯೆಲ್ಲ ಡ್ಯೂಟಿ ಮಾಡಿ ಬರ್ತಾರೆ, ಹಗಲು ಮಲಗೋಣ ಅಂದ್ರೆ ನಿಮ್ಮತ್ತೆ ರೇಡಿಯೋ. ಈ ತಿಂಗಳು ಮುಗಿಯೋದ್ರೊಳಗೆ ಅದರ ಬಾಯಿ ಮುಚ್ಚಿಸಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ತಪ್ಪು ಅವರದ್ದಲ್ಲ. ನರ್ಸಿನದ್ದೂ ಅಲ್ಲ. ಅತ್ತೆಯ ಕಿವಿ ಮಂದವಾಗಿ ಒಂಬತ್ತು ವರ್ಷವಾಯಿತು. ಡಾಕ್ಟರು ಕೊಟ್ಟ ಕಿವಿಯ ಮಿಷನ್ನು ಕುಯ್ಯೋ ಅನ್ನುತ್ತದೆ ಅಂತ ಹೊಲಿಗೆ ಡಬ್ಬಕ್ಕೆ ಹಾಕಿಬಿಟ್ಟಿದ್ದಾರೆ. ಹಾಗಾಗಿ ರೇಡಿಯೋ ಜೋರು, ನಾವು ಮಾತಾಡುವುದೂ ಜೋರು. ಊಟ ಆಯ್ತಾ ಅಂತ ನಾನು ಅತ್ತೆಯನ್ನು ಕೇಳಿದರೆ ಎದುರು ಮನೆಯವರು ಆಯ್ತು ಅನ್ನಬೇಕು, ಹಾಗಿದೆ ನಮ್ಮ ಸಂಸಾರ.

ಸಂಜೆ ಇವರ ಹತ್ತಿರ ಕಡ್ಡಿ ಮುರಿದ ಹಾಗೆ ಹೇಳಿದೆ. "ನನ್ನ ಕೈಲಿ ಆಗಲ್ಲ ರೀ. ಬೆಳಗ್ಗೆ ಆರರಿಂದ ಎರಡರವರೆಗೆ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕಿವಿಗೆ ಹೆಡ್‌ಫೋನು, ಆಮೇಲೆ ಇಲ್ಲಿ ರೇಡಿಯೋ. ನಿಮ್ಮ ತಮ್ಮನ ಮನೆಗೆ ಕಳಿಸಿ."

ಇವರು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. "ನೋಡೋಣ. ನೀನೇ ಒಂದು ಕಾಗದ ಬರಿ, ನಿನ್ನ ಅಕ್ಷರ ಚೆನ್ನಾಗಿದೆ."

ಬರೆದೆ. ನಾಲ್ಕೇ ಸಾಲು.

ಮಾರ್ಚ್ 8, ಶನಿವಾರ

ಮೈದುನನ ಉತ್ತರ ಬಂತು. ಮೂವತ್ತನೇ ತಾರೀಖು ಭಾನುವಾರ ತಾನೇ ಬಂದು ಅಮ್ಮನನ್ನು ಕರೆದುಕೊಂಡು ಹೋಗುತ್ತಾನಂತೆ. ಒಂದು ಕೋಣೆ ಖಾಲಿ ಮಾಡಿಸುತ್ತಿದ್ದಾನಂತೆ. ಇನ್ನು ಇಪ್ಪತ್ತೆರಡು ದಿನ.

ಅತ್ತೆಗೆ ಇವರೇ ಕೂಗಿ ಹೇಳಿದರು. ಅತ್ತೆ "ಹೂಂ" ಅಂದು ರೇಡಿಯೋ ಕಿವಿ ತಿರುವಿ ಇನ್ನೂ ಸ್ವಲ್ಪ ಜೋರು ಮಾಡಿಕೊಂಡರು. ಅಷ್ಟೇ.

ಇವರ ಅಂಗಡಿಯಲ್ಲಿ ಬೇರೆ ರಾಮಾಯಣ. ಟೇಪ್ ರೆಕಾರ್ಡರ್, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ಅಂಗಡಿಗೆ ಸಾಹುಕಾರರು ಯಾವುದೋ ಹೊಸ ಸಾಮಾನು ಮೂವತ್ತು ತರಿಸಿದ್ದಾರಂತೆ. ಅಂಗೈಗಿಂತ ಚೂರು ದೊಡ್ಡ ಡಬ್ಬಿ, ಒಳಗೆ ಕ್ಯಾಸೆಟ್ಟು. ಸೊಂಟಕ್ಕೆ ಸಿಕ್ಕಿಸಿಕೊಂಡು, ಕಿವಿಗೆ ವೈರು ಹಾಕಿಕೊಂಡು, ನಡೆಯುತ್ತಾ ಹಾಡು ಕೇಳಬಹುದಂತೆ.

"ಸ್ಪೀಕರ್ ಇಲ್ಲ, ರೆಕಾರ್ಡ್ ಮಾಡೋಕೆ ಬರಲ್ಲ. ಮನೆಮಂದಿ ಕೂತು ಕೇಳೋಕಾಗಲ್ಲ. ಒಬ್ಬನೇ ಕೇಳೋ ಹಾಡಿಗೆ ಅಷ್ಟು ದುಡ್ಡು ಯಾರು ಕೊಡ್ತಾರೆ?" ಅಂತ ಇವರು ಊಟದುದ್ದಕ್ಕೂ ಗೊಣಗಿದರು. ಇಪ್ಪತ್ತೆರಡು ವರ್ಷ ಮಾರಾಟ ಮಾಡಿದ ಅನುಭವ. ಇವರು ಹೋಗಲ್ಲ ಅಂದ ಸಾಮಾನು ಹೋದದ್ದಿಲ್ಲ.

ಮಾರ್ಚ್ 11, ಮಂಗಳವಾರ

ಎಕ್ಸ್‌ಚೇಂಜಿನ ಕೆಳಗಿನ ಮಹಡಿಗೆ ಮತ್ತೆ ನಾಲ್ಕು ಕಬ್ಬಿಣದ ಬೀರುಗಳು ಬಂದವು. ಅವು ತಾವೇ ಲೈನು ಕೂಡಿಸುತ್ತವಂತೆ. ವರ್ಷದ ಕೊನೆಗೆ ನಾವು ಕೈಯಲ್ಲಿ ಲೈನು ಕೂಡಿಸುವ ಬೋರ್ಡು ಬಂದ್. ನಮ್ಮನ್ನೆಲ್ಲ ಯಾವ ಮೂಲೆಗೆ ಹಾಕುತ್ತಾರೋ. ಆದರೂ ಅಲ್ಲಿಯವರೆಗೆ ಒಂದು ನಿಮಿಷ ತಡವಾಗಿ ಬರುವ ಹಾಗಿಲ್ಲ, ನಮ್ಮ ಸೂಪರ್‌ವೈಸರು ಬಾಗಿಲಲ್ಲೇ ನಿಂತಿರುತ್ತಾರೆ. ಅವರಿಗೆ ನಾವಿಟ್ಟ ಹೆಸರು ಗಡಿಯಾರ.

ಟೀ ಹೊತ್ತಿನಲ್ಲಿ ಆ ಡಬ್ಬಿಯ ಸುದ್ದಿ ಹೇಳಿದೆ. ಎಲ್ಲರೂ ನಕ್ಕರು. ನನ್ನ ಪಕ್ಕದ ಸೀಟಿನವಳಂತೂ, "ಅಯ್ಯೋ, ಎಂಟು ಗಂಟೆ ಹೊಟ್ಟೆಪಾಡಿಗೆ ಹಾಕ್ಕೊಳ್ಳೋದೇ ಸಾಕಾಗಿದೆ, ಇನ್ನು ಸುಖಕ್ಕೂ ಇದನ್ನೇ ಹಾಕ್ಕೋಬೇಕಾ? ಗಾಣದೆತ್ತು ಭಾನುವಾರ ತಾನೇ ಹೋಗಿ ನೊಗಕ್ಕೆ ಕತ್ತು ಕೊಟ್ಟಹಾಗಾಯ್ತು!" ಅಂದಳು.

ನನ್ನ ಎಡಗಿವಿಯ ಮೇಲೆ ಹೆಡ್‌ಫೋನಿನ ಪಟ್ಟಿ ಒತ್ತಿ ಒತ್ತಿ ಕೂದಲೇ ಬೆಳೆಯುವುದಿಲ್ಲ. ಹತ್ತೊಂಬತ್ತು ದಿನ.

ಮಾರ್ಚ್ 13, ಗುರುವಾರ

ಹಗಲು ರೇಡಿಯೋ ಹಾಕಬೇಡಿ ಅಂತ ಅತ್ತೆಗೆ ಹೇಳಿ ಮೂರು ದಿನವಾಯಿತು. ಹಾಕುತ್ತಿಲ್ಲ. ನಾನು ಕೆಲಸ ಮುಗಿಸಿ ಬಂದಾಗ ಅದರ ಪಕ್ಕದ ಕುರ್ಚಿಯಲ್ಲೇ, ಅದರ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಾರೆ. ಮಧ್ಯಾಹ್ನ ಎರಡೂವರೆಗೆ ಹಳೆಯ ಹಾಡುಗಳು ಬರುತ್ತವೆ. ಎರಡೂವರೆ ಆದಾಗ ಗೋಡೆ ಗಡಿಯಾರ ನೋಡಿದರು. ಮೂರಕ್ಕೆ ಇನ್ನೊಮ್ಮೆ ನೋಡಿ, ಎದ್ದು ಹೋಗಿ ಮಲಗಿದರು.

ನನಗೆ ಬೇಕಾಗಿದ್ದ ಸದ್ದಿಲ್ಲದ ಮನೆ ಇದೇ. ಮಲಗಿದೆ, ನಿದ್ದೆ ಬರಲಿಲ್ಲ. ಹದಿನೇಳು ದಿನ.

ಮಾರ್ಚ್ 15, ಶನಿವಾರ

ಇವರು ಆ ಡಬ್ಬಿಯನ್ನು ಮನೆಗೇ ತಂದುಬಿಟ್ಟಿದ್ದಾರೆ!

ಒಂದು ವಾರದಲ್ಲಿ ಹೋದದ್ದು ಒಂದೇ ಒಂದಂತೆ. ಅದೂ ಇವತ್ತು ವಾಪಸ್ಸು ಬಂತು. ಡಬ್ಬಿಯ ಮೇಲ್ಗಡೆ ಕಿತ್ತಳೆ ಬಣ್ಣದ ಒಂದು ಗುಂಡಿ ಇದೆ. ತಗೊಂಡವನು ಅದನ್ನು ರೆಕಾರ್ಡ್ ಗುಂಡಿ ಅಂದುಕೊಂಡು ಒತ್ತಿಹಿಡಿದು ಇಡೀ ಕ್ಯಾಸೆಟ್ಟು ಹಾಡಿದನಂತೆ. ಏನೂ ರೆಕಾರ್ಡ್ ಆಗಿಲ್ಲ. ಅಂಗಡಿಗೆ ಬಂದು ರಂಪ. ಸಾಹುಕಾರರು ಇವರ ಮೇಲೆ ಹರಿಹಾಯ್ದರು. "ನಿಂಗೇ ಗೊತ್ತಿಲ್ಲದ ಸಾಮಾನು ಊರಿಗೇನು ಮಾರ್ತೀಯೋ? ಇದನ್ನ ಮನೆಗೆ ತಗೊಂಡ್ಹೋಗಿ ಕಲ್ತ್ಕೊಂಡು ಬಾ."

"ಆ ಗುಂಡಿ ಯಾತಕ್ಕೆ ರೀ?"

"ಯಾರಿಗೆ ಗೊತ್ತು. ಅಂದಕ್ಕಿರಬೇಕು."

"ವೈರು ಸಿಕ್ಕಿಸೋ ತೂತು ಯಾಕೆ ಎರಡಿದೆ?"

"ಒಂದು ಕೆಟ್ರೆ ಇನ್ನೊಂದಿರ್ಲಿ ಅಂತ."

ಇಪ್ಪತ್ತೆರಡು ವರ್ಷದ ಅನುಭವ!

ತಮಾಷೆಗೆ ಅಂತ ಅತ್ತೆಯ ತಲೆಗೆ ಸಿಕ್ಕಿಸಿದರು. ಕ್ಯಾಸೆಟ್ಟಿನಲ್ಲಿ ಬರೀ ವಾದ್ಯ, ಹಾಡಿಲ್ಲ. ಸದ್ದನ್ನು ಪೂರ್ತಿ ಏರಿಸಿ ಒತ್ತಿದ್ದೇ ತಡ, ಅತ್ತೆ ಹೌಹಾರಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ಅಯ್ಯಯ್ಯೋ, ಯಾರೋ ಇದು! ತಲೆ ಒಳಗೇ ಬಂದು ಕೂತಿದ್ದಾರಲ್ಲೋ!" ಅಂತ ಎಂಥ ಕೂಗು ಅಂತೀರಿ. ಮೇಲಿನಿಂದ ನರ್ಸು ನೆಲಕ್ಕೆ ದಬದಬ ಬಡಿದಳು. ನಾವಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಎಷ್ಟು ದಿನವಾಗಿತ್ತೋ ಈ ಮನೆಯಲ್ಲಿ ನಕ್ಕು.

ಅತ್ತೆ ಮಾತ್ರ ಅದನ್ನು ತೆಗೆಯಲು ಬಿಡಲಿಲ್ಲ. ಹದಿನೈದು ದಿನ.

ಮಾರ್ಚ್ 18, ಮಂಗಳವಾರ

ಆ ವಾದ್ಯದ ಕ್ಯಾಸೆಟ್ಟು ಮೂರು ದಿನಕ್ಕೇ ಅತ್ತೆಗೆ ಸಾಕಾಯಿತು. "ಎರಡೂವರೆ ಹಾಡು ಹಾಕೋ" ಅಂತ ಮಗನ ಬೆನ್ನು ಹತ್ತಿದರು. ಇದರಲ್ಲಿ ರೇಡಿಯೋ ಇಲ್ಲ, ರೆಕಾರ್ಡ್ ಮಾಡಲು ಬರುವುದಿಲ್ಲ ಅಂತ ಅವರಿಗೆ ತಿಳಿಹೇಳುವುದು ಯಾರು? ಕೊನೆಗೆ ಇವರೇ ಅಂಗಡಿಯ ರೇಡಿಯೋ ಮುಂದೆ ಒಂದು ದೊಡ್ಡ ಟೇಪ್ ರೆಕಾರ್ಡರ್ ಇಟ್ಟು ನಿನ್ನೆಯ ಎರಡೂವರೆ ಹಾಡುಗಳನ್ನು ಹಿಡಿದು ತಂದರು.

ಹಾಡಿನ ಜೊತೆ ಅಂಗಡಿಯೂ ಬಂದುಬಿಟ್ಟಿದೆ. ಬಾಗಿಲ ಗಂಟೆ, ಸಾಹುಕಾರರ ಕೆಮ್ಮು, ಯಾರೋ ಫ್ಯಾನಿನ ಬೆಲೆ ಕೇಳುವುದು. ಮೂರನೆಯ ಹಾಡಿನ ನಡುವೆ ಇವರದ್ದೇ ದನಿ, ಬಲು ನಯವಾಗಿ: "ನಿಜ ಹೇಳ್ತೀನಿ ಸಾರ್, ಇದು ನಾಲ್ಕು ದಿನದ ಶೋಕಿ. ಕಿವಿಗೆ ವೈರು ಹಾಕ್ಕೊಂಡು ರಸ್ತೆಲಿ ಯಾರು ಓಡಾಡ್ತಾರೆ? ನೀವು ದೊಡ್ಡ ಸೆಟ್ಟೇ ತಗೊಳ್ಳಿ."

ಅತ್ತೆ ಆ ಜಾಗ ಬಂದಾಗಲೆಲ್ಲ ನಿಲ್ಲಿಸಿ ಹಿಂದಕ್ಕೆ ತಿರುಗಿಸುತ್ತಾರೆ. ಹಾಡು ಚೆನ್ನಾಗಿದೆಯಾ ಅಂತ ಕೈಸನ್ನೆಯಲ್ಲಿ ಕೇಳಿದೆ. "ಹಾಡಲ್ಲ ಕಣೇ. ನನ್ನ ಮಗ ಮಾತಾಡ್ತಿದ್ದಾನೆ. ಎಷ್ಟು ಮೆತ್ತಗೆ ಮಾತಾಡ್ತಾನೆ ನೋಡು, ಅವರಪ್ಪನ ಹಾಗೇ" ಅಂದರು.

ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಿರಬೇಕು. ಒಂಬತ್ತು ವರ್ಷದಿಂದ ನಾವು ಅವರ ಹತ್ತಿರ ಮೆತ್ತಗೆ ಏನೂ ಮಾತಾಡಿಲ್ಲ.

ಮಾರ್ಚ್ 20, ಗುರುವಾರ

ಡಬಲ್ ಡ್ಯೂಟಿ. ಎರಡು ಸೀಟು ಖಾಲಿ, ಮೂರು ಜನರ ಲೈನು ನನ್ನ ತಲೆಗೆ. ಕಿವಿ ನೋವು.

ಮಾರ್ಚ್ 21, ಶುಕ್ರವಾರ

ಕಿವಿಯಲ್ಲಿ ಹಾಡು ಬರುವಾಗ ಅತ್ತೆ ಜೊತೆಗೇ ಹಾಡುತ್ತಾರೆ. ತಾವು ಹಾಡುವುದು ತಮಗೆ ಕೇಳಿಸುವುದಿಲ್ಲ, ಹಾಗಾಗಿ ಗಂಟಲು ಬಿಟ್ಟು, ಶ್ರುತಿ ಒಂದು ದಿಕ್ಕು, ತಾಳ ಒಂದು ದಿಕ್ಕು. ಮೂರು ಗಂಟೆ ಹೊತ್ತಿಗೆ ನರ್ಸು ಕೆಳಗಿಳಿದು ಬಂದಳು. ಇನ್ನೇನು, ಮುಗಿಯಿತು ನಮ್ಮ ಕತೆ ಅಂದುಕೊಂಡೆ. ಕೆದರಿದ ಕೂದಲಲ್ಲೇ ಬಾಗಿಲಲ್ಲಿ ನಿಂತು ಸುಮ್ಮನೆ ಅತ್ತೆಯನ್ನು ನೋಡಿದಳು.

"ಆಂಟಿ, ಇವರೇನಾ ಹಾಡ್ತಿರೋದು?"

"ಹೂಂ ಕಣಮ್ಮ. ನಿಲ್ಲಿಸ್ತೀನಿ ಇರು."

"ಬೇಡ ಬಿಡಿ, ಮುಗೀಲಿ. ಇದೆಲ್ಲಿ ಸಿಗುತ್ತೆ? ರಸ್ತೆ ಗಲಾಟೆಗೆ ನಂಗೆ ನಿದ್ದೆ ಬರಲ್ಲ. ಹಾಕ್ಕೊಂಡು ಮಲಗಿಬಿಡ್ತೀನಿ."

ಇವರ ಅಂಗಡಿಯ ವಿಳಾಸ ಕೊಟ್ಟೆ. ಹೋಗುವಾಗ ಓನರಿಗೆ ನಾನೇ ಹೇಳುತ್ತೇನೆ, ಇನ್ನೇನೂ ತೊಂದರೆ ಇಲ್ಲ ಅಂದಳು. ಖುಷಿಯಾಗಬೇಕಿತ್ತು. ಆಗಲಿಲ್ಲ. ಅತ್ತೆಗೆ ಅಂತ ತೆಗೆಸಿದ ಮೂವತ್ತನೇ ತಾರೀಖಿನ ರೈಲು ಟಿಕೆಟ್ಟು ಕ್ಯಾಲೆಂಡರಿನ ಹಿಂದೆ ಹಾಗೇ ಇದೆ.

ಮಾರ್ಚ್ 24, ಸೋಮವಾರ

ಬೆಳಗಿನ ಬಸ್ಸಿನಲ್ಲಿ ಕಿವಿಗೆ ವೈರು ಹಾಕಿದವರು ಮೂವರು. ಬರುವಾಗ ಐವರು. ಎದುರಿಗೆ ಕೂತಿದ್ದವನು ತನ್ನಷ್ಟಕ್ಕೆ ತಲೆ ಆಡಿಸುತ್ತಿದ್ದ. ಪಕ್ಕದ ಮುದುಕಪ್ಪ ಪಾಪ, ಇವನಿಗೇನೋ ಆಗಿದೆ ಅಂತ ಸೀಟು ಬದಲಾಯಿಸಿದರು. ಮುಂಚೆ ಡ್ರೈವರು ಹಾಕಿದ ಹಾಡೇ ಬಸ್ಸಿಗೆಲ್ಲ. ಚೆನ್ನಾಗಿಲ್ಲದಿದ್ದರೆ ಎಲ್ಲರೂ ಸೇರಿ ಬೈಯುತ್ತಿದ್ದೆವು. ಈಗ ಬೈಯಲೂ ಜನ ಕಡಿಮೆಯಾದರು.

ಅಂಗಡಿಯಲ್ಲಿದ್ದ ಇಪ್ಪತ್ತೊಂಬತ್ತೂ ಖಾಲಿ, ನಾಲ್ಕೇ ದಿನದಲ್ಲಿ! ನರ್ಸು ಒಂದು ಕೊಂಡಳು, ಮಾರನೆಯ ದಿನ ಆಸ್ಪತ್ರೆಯಿಂದ ಆರು ಜನ ಬಂದರಂತೆ. ಆಮೇಲೆ ಬೆಳಗ್ಗೆ ಓಡಲು ಹೋಗುವವರು, ಹಾಸ್ಟೆಲಿನ ಹುಡುಗಿಯರು. ಸಾಹುಕಾರರು ಈಗ, "ನಾನು ಅವತ್ತೇ ಹೇಳಿರ್ಲಿಲ್ವಾ?" ಅಂತಾರಂತೆ. ಇವರೂ ಹಾಗೇ ಅಂತಾರೆ. ಅತ್ತೆಯ ಕ್ಯಾಸೆಟ್ಟಿನ ಮೂರನೇ ಹಾಡು ಕೇಳಿಸಲೇ ಅಂದೆ. ಕೈ ತೊಳೆಯಲು ಎದ್ದುಹೋದರು.

ಮಾರ್ಚ್ 25, ಮಂಗಳವಾರ

ಅಂಗಡಿಗೆ ಗಿರಾಕಿಗಳು ಬಂದು ಬಂದು ಹೋಗುತ್ತಿದ್ದಾರಂತೆ. ಮನೆಯಲ್ಲಿರುವ ಡಬ್ಬಿಯನ್ನು ನಾಳೆ ತಂದುಬಿಡು ಅಂದರಂತೆ ಸಾಹುಕಾರರು.

"ಕೆಟ್ಟುಹೋಗಿದೆ ಅನ್ನಿ" ಅಂದೆ.

"ಕೆಟ್ಟಿಲ್ಲವಲ್ಲೇ?"

"ನೀವು ಇಪ್ಪತ್ತೆರಡು ವರ್ಷದಿಂದ ಕೆಟ್ಟಿರೋದನ್ನ ಚೆನ್ನಾಗಿದೆ ಅಂತ ಮಾರಿಲ್ವಾ? ಒಂದಿನ ಚೆನ್ನಾಗಿರೋದನ್ನ ಕೆಟ್ಟಿದೆ ಅನ್ನಿ, ನಾಲಿಗೆ ಬಿದ್ದುಹೋಗಲ್ಲ."

ಇವರು ನನ್ನನ್ನೇ ನೋಡಿದರು. ಏನಾಯಿತು ಇವಳಿಗೆ ಅನ್ನುವ ಹಾಗೆ. ನನಗೇನೂ ಆಗಿಲ್ಲ. ಇನ್ನು ಐದು ದಿನಕ್ಕೆ ಹೋಗುವ ಜೀವ, ಕೈಯಲ್ಲಿರುವುದನ್ನು ಕಿತ್ತುಕೊಳ್ಳುವುದು ಯಾಕೆ ಅಂತ ಅಷ್ಟೇ.

ಮಾರ್ಚ್ 27, ಗುರುವಾರ

ಅತ್ತೆ ಸೂಟ್‌ಕೇಸು ತುಂಬುತ್ತಿದ್ದಾರೆ. ಬಟ್ಟೆ ಮಡಿಸುವುದು, ಇಡುವುದು, ತೆಗೆಯುವುದು, ಮತ್ತೆ ಇಡುವುದು. ಹೊಲಿಗೆ ಡಬ್ಬವನ್ನು ನನ್ನ ಕೈಗಿತ್ತರು. "ನಿಂಗಿರ್ಲಿ. ಅಲ್ಲಿ ಚಿಕ್ಕ ಸೊಸೆ ಹತ್ರ ಹೊಲಿಗೆ ಮಿಷನ್ನೇ ಇದೆಯಂತೆ." ಅಳಲಿಲ್ಲ, ಕೊಂಕು ಆಡಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಅಡುಗೆಮನೆಯಲ್ಲಿ ಇವರನ್ನು ಕೇಳಿದೆ, "ಅಮ್ಮ ಹೋಗೋದು ನಿಮಗೆ ಬೇಕಾ?"

"ನಿಂಗೇ ಸಾಕಾಗಿತ್ತಲ್ಲ" ಅಂದರು. ಆಮೇಲೆ, ತಲೆ ತಗ್ಗಿಸಿಕೊಂಡು, "ನಂಗ್ಯಾವತ್ತು ಬೇಕಾಗಿತ್ತು?"

"ಮತ್ತೆ ಹೇಳಬಾರದಿತ್ತಾ?"

"ಈಗ ನೀನೇ ಹೇಳು ಅವಳಿಗೆ. ಕಾಗದ ಬರೆದದ್ದು ನೀನು ಅಂತ ಅವಳಿಗೆ ಗೊತ್ತು. ನಾನು ಹೇಳಿದ್ರೆ ಮಗ ಮರುಗ್ತಾನೆ ಅಂದ್ಕೋತಾಳೆ ಅಷ್ಟೇ."

ಹೇಳಲು ಹೋದೆ. ಕೋಣೆಯ ಬಾಗಿಲಲ್ಲಿ ನಿಂತೆ. ಏನಂತ ಕೂಗಲಿ? ಟೀ ಆರಿಹೋಗುತ್ತೆ ಅನ್ನುವುದನ್ನು ಕೂಗಬಹುದು. ಬಚ್ಚಲಲ್ಲಿ ಜಾರುತ್ತೆ ಅನ್ನುವುದನ್ನು ಕೂಗಬಹುದು. ತಪ್ಪಾಯ್ತು, ಹೋಗಬೇಡಿ ಅನ್ನುವುದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುವ ಮಾತೇ? ಕೂಗಿದರೆ ಅದೂ ಬೈಗುಳದ ಹಾಗೆಯೇ ಕೇಳಿಸುತ್ತದೆ. ಚೀಟಿ ಬರೆಯೋಣ ಅಂದರೆ, ನನ್ನ ಅಕ್ಷರ ಕಂಡರೆ ಅವರಿಗೆ ನೆನಪಾಗುವುದು ಆ ನಾಲ್ಕು ಸಾಲೇ. "ಟೀ ಆರಿಹೋಗುತ್ತೆ ಅತ್ತೇ!" ಅಂತ ಕೂಗಿ ಬಂದೆ.

ಮಾರ್ಚ್ 28, ಶುಕ್ರವಾರ

ಇವತ್ತು ಬೋರ್ಡಿನಲ್ಲಿ ಒಂದು ಕರೆ. ಆ ಕಡೆ ಯಾರೋ ಅಜ್ಜಿ, ಈ ಕಡೆ ಮೊಮ್ಮಗ. ಮೂರು ನಿಮಿಷ ಮುಗಿಯಿತು ಅಂತ ಹೇಳಲು ನಾನು ಕೀ ಒತ್ತಿ ಅವರ ನಡುವೆ ಮಾತು ತೂರಿಸಿದೆ. ದಿನಕ್ಕೆ ನೂರು ಸಲ ಮಾಡುವ ಕೆಲಸ. ಒತ್ತಿದರೆ ಮಾತು, ಬಿಟ್ಟರೆ ಅವರ ಪಾಡಿಗೆ ಅವರು.

ಬೆರಳು ಕೀ ಮೇಲೇ ನಿಂತಿತು. ಮನೆಯ ಡಬ್ಬಿಯಲ್ಲೂ ಎರಡು ತೂತು. ಇಬ್ಬರು ಕೇಳುವುದಕ್ಕೆ. ನಡುವೆ ಒಂದು ಗುಂಡಿ. ಅಯ್ಯೋ ನನ್ನ ಬುದ್ಧಿಗಿಷ್ಟು! ಇಪ್ಪತ್ತಾರು ವರ್ಷ ಇದನ್ನೇ ಒತ್ತಿಕೊಂಡು ಕೂತಿದ್ದೇನೆ, ಹದಿಮೂರು ದಿನದಿಂದ ಅದು ನನ್ನ ಮನೆಯಲ್ಲೇ ಇದೆ.

"ಲೈನು ಕಾಯ್ತಿದೆ" ಅಂತ ಗಡಿಯಾರ ಬಂದು ಗದರಿದರು. ಕಾಯಲಿ ಅಂದೆ. ಮನಸ್ಸಿನಲ್ಲಿ.

ಇವರಿಗೆ ಫೋನು ಮಾಡಿ, ಅಂಗಡಿಯಿಂದ ಇನ್ನೊಂದು ಹೆಡ್‌ಫೋನು ತರಲು ಹೇಳಿದೆ. ಯಾಕೆ ಅಂದರು. ತನ್ನಿ ಅಂದೆ.

ಮಾರ್ಚ್ 29, ಶನಿವಾರ

ಬರೆಯಲು ಆಗುತ್ತಿಲ್ಲ, ಆದರೂ ಬರೆದಿಡುತ್ತೇನೆ.

ಮಧ್ಯಾಹ್ನ ಎರಡೂವರೆ. ಅತ್ತೆ ಮಂಚದ ಮೇಲೆ ಗೋಡೆಗೊರಗಿ ಕೇಳುತ್ತಿದ್ದರು, ಕಣ್ಣು ಮುಚ್ಚಿಕೊಂಡು. ಸೂಟ್‌ಕೇಸು ಬಾಗಿಲ ಪಕ್ಕ. ನಾನು ಅವರ ಬದಿಗೆ ಕೂತು ಎರಡನೆಯ ತೂತಿಗೆ ನನ್ನ ವೈರು ಸಿಕ್ಕಿಸಿದೆ. ಹಾಡು ಕಿವಿ ಒಡೆಯುವಷ್ಟು ಜೋರಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಹೆಡ್‌ಫೋನಿನಲ್ಲಿ ನಾನು ಹಾಡು ಕೇಳಿದ್ದು ಇದೇ ಮೊದಲು. ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕಿತ್ತಳೆ ಗುಂಡಿ ಒತ್ತಿದೆ. ಹಾಡು ತಗ್ಗಿತು. ಡಬ್ಬಿಯ ಸಣ್ಣ ಮೈಕಿನ ಮೂಲಕ ನನ್ನ ಉಸಿರು ನನಗೇ ಕೇಳಿಸಿತು. ಏನು ಹೇಳಬೇಕು ಅಂತ ರಾತ್ರಿಯೆಲ್ಲ ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ.

"ನಂಬರ್ ಹೇಳಿ."

ಹಾಳು ಅಭ್ಯಾಸ! ಅತ್ತೆ ತಟ್ಟನೆ ಕಣ್ಣು ಬಿಟ್ಟರು. "ಯಾರದು?"

"ನಾನೇ ಅತ್ತೆ."

ನನ್ನ ಕಡೆ ತಿರುಗಿದರು. ನನ್ನ ತುಟಿ ನೋಡಿದರು, ಡಬ್ಬಿ ನೋಡಿದರು. "ನೀನಾ? ಕೂಗದೇ ಮಾತಾಡ್ತಿದ್ದೀಯಾ?"

"ಹೂಂ."

"ಇದು ನಿನ್ನ ದನೀನಾ?" ಅಂದರು. ವೈರನ್ನು ಕಿವಿಗೆ ಇನ್ನೂ ಒತ್ತಿಕೊಂಡು, "ಹೌದು. ಮದುವೆಯಾಗಿ ಬಂದಾಗ ಹೀಗೇ ಇತ್ತು. ನಿನ್ನ ದನಿ ಇಷ್ಟು ಮೆತ್ತಗೆ ಅನ್ನೋದೇ ನಂಗೆ ಮರೆತೋಗಿತ್ತು ಕಣೇ. ಇಷ್ಟು ವರ್ಷ ನೀನು ಏನು ಹೇಳಿದ್ರೂ ಬೈದ ಹಾಗೇ ಕೇಳ್ತಿತ್ತು."

"ಎಷ್ಟೋ ಸಲ ಬೈದದ್ದೂ ಉಂಟು ಅತ್ತೆ."

ನಕ್ಕರು. ನನಗೆ ನಗು ಬರಲಿಲ್ಲ. ಗುಂಡಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿಹಿಡಿದೆ.

"ಆ ಕಾಗದ ನಾನು ಬರೆದದ್ದು" ಅಂದೆ. "ನಿಮ್ಮ ಮಗನಿಗೆ ಇಷ್ಟ ಇರ್ಲಿಲ್ಲ. ನಂಗೆ ಸುಸ್ತಾಗಿತ್ತು. ನೀವು ಹೋಗೋಕೆ ಎಷ್ಟು ದಿನ ಇದೆ ಅಂತ ದಿನಾ ಎಣಿಸ್ತಿದ್ದೆ. ತಪ್ಪಾಯ್ತು ಅತ್ತೆ. ಹೋಗಬೇಡಿ. ಇಲ್ಲೇ ಇರಿ."

ಅತ್ತೆ ಎದುರು ಗೋಡೆ ನೋಡುತ್ತಾ ಕೂತರು. ಡಬ್ಬಿಯೊಳಗೆ ಹಾಡು ಸಣ್ಣಗೆ ಓಡುತ್ತಿತ್ತು. ಸೆಲ್ಲು ಮುಗಿಯುತ್ತಾ ಬಂತೋ, ಕೇಳಿಸಲಿಲ್ಲವೋ ಅಂತ ನನಗೆ ಗಾಬರಿ.

"ಇನ್ನೊಂದ್ಸಲ ಹೇಳು" ಅಂದರು.

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ ಇನ್ನೊಂದ್ಸಲ ಹೇಳು."

ಹೇಳಿದೆ. ಮತ್ತೂ ಒಂದು ಸಲ ಹೇಳಿದೆ.

ಮಾರ್ಚ್ 30, ಭಾನುವಾರ

ಹನ್ನೊಂದು ಗಂಟೆಗೆ ಮೈದುನ ಬಂದ. ಪಾಪ, ಅಲ್ಲಿ ಕೋಣೆಗೆ ಸುಣ್ಣ ಬಳಿಸಿದ್ದಾನಂತೆ. "ಎಲ್ಲಿ ಅತ್ತಿಗೆ, ಅಮ್ಮ ರೆಡೀನಾ? ಎರಡು ಗಂಟೆಗೆ ಗಾಡಿ" ಅಂದ. ಇವರು ನನ್ನ ಮುಖ ನೋಡಿ, ಪೇಪರು ಎತ್ತಿಕೊಂಡು ಮರೆಯಾದರು. ಅಡ್ಡಗೋಡೆ, ದೀಪ.

"ಕಾಗದ ಬರೆದವಳು ನಾನು, ವಾಪಸ್ ತಗೋತಿರೋಳೂ ನಾನೇ" ಅಂದೆ. "ಅಮ್ಮ ಬರಲ್ಲ. ಊಟ ಮಾಡ್ಕೊಂಡು ಹೋಗು. ಬೈಯೋದಿದ್ರೆ ಈಗಲೇ ಬೈದುಬಿಡು."

ಅವನು ಬೈಯಲಿಲ್ಲ, ಕೋಣೆಗೆ ಹೋದ. "ಅಮ್ಮಾ, ಹೌದಾ? ನಿಜವಾಗ್ಲೂ ಬರಲ್ವಾ? ಅಮ್ಮಾ!" ಅಂತ ಕೂಗಿದ, ಕೂಗಿದ. ಅತ್ತೆ ತಲೆಗೆ ವೈರು ಸಿಕ್ಕಿಸಿಕೊಂಡು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಹಾಡಿನೊಳಗೆ ಮುಳುಗಿಹೋದವರ ಹಾಗೆ ತಲೆ ಆಡಿಸುತ್ತಾ ಕೂತಿದ್ದರು.

"ಅವರಿಗೆ ಈಗ ಏನೂ ಕೇಳಿಸಲ್ಲ, ಬಾ" ಅಂತ ಅವನನ್ನು ಊಟಕ್ಕೆ ಎಬ್ಬಿಸಿದೆ.

ಡಬ್ಬಿಯ ಸೆಲ್ಲು ನಿನ್ನೆ ಸಂಜೆಯೇ ಮುಗಿದಿತ್ತು. ಹೊಸದನ್ನು ಇನ್ನೂ ಹಾಕಿರಲಿಲ್ಲ.